ತಿಳಿನೀರಿನ ಋಣ

ಯೂರೋಪು ಖಂಡದ ನಡುವೆ ಸುಮಾರು 1,200 ಕಿಲೋಮೀಟರು ಉದ್ದಕ್ಕೆ ಬಿಲ್ಲಿನಂತೆ ಬಾಗಿ ನಿಂತಿರುವ ಪರ್ವತಶ್ರೇಣಿಯೇ ಆಲ್ಪ್ಸ್. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯ, ಸ್ಲೊವೇನಿಯ ಮೊದಲಾದ ದೇಶಗಳು ಅದರ ಮಡಿಲನ್ನು ಹಂಚಿಕೊಂಡಿವೆ. ಹಿಮಯುಗದಲ್ಲಿ ಅಲ್ಲಿಯ ಕಣಿವೆಗಳಲ್ಲಿ ಹಿಮನದಿಗಳು ಮೆಲ್ಲಮೆಲ್ಲನೆ ಜಾರುತ್ತ, ಬಂಡೆಗಳನ್ನು ಉಜ್ಜಿ ನೆಲವನ್ನು ಆಳವಾಗಿ ಕೊರೆದುವು. ತಾವು ಹೊತ್ತು ತಂದ ಕಲ್ಲುಮಣ್ಣನ್ನು ಕಣಿವೆಯ ಬಾಯಲ್ಲಿ ಒಡ್ಡಿನಂತೆ ರಾಶಿ ಹಾಕಿದುವು. ಹವೆ ಬೆಚ್ಚಗಾಗಿ ಹಿಮ ಹಿಂದೆ ಸರಿದಾಗ ಆ ತಗ್ಗುಗಳಲ್ಲಿ ನೀರು ತುಂಬಿತು. ಆಲ್ಪ್ಸಿನ ಸರೋವರಗಳಲ್ಲಿ ಬಹುಪಾಲು ಹುಟ್ಟಿದುದು ಹೀಗೆ.

ಬೇಸಗೆ ಬಂತೆಂದರೆ ಈ ಸರೋವರಗಳ ದಡಕ್ಕೆ ಜನ ತಂಡತಂಡವಾಗಿ ಬರುತ್ತಾರೆ. ಕೆಲವರಿಗೆ ಕಾಲುನಡಿಗೆಯ ಹಂಬಲ. ಕೆಲವರಿಗೆ ಈಜಿನ ಸಂತೋಷ. ಮತ್ತೆ ಕೆಲವರಿಗೆ ನೀರಿನಲ್ಲಿ ತಲೆಕೆಳಗಾಗಿ ಕಾಣುವ ಹಿಮಶಿಖರವನ್ನು ನೋಡುತ್ತ ಸುಮ್ಮನೆ ಕುಳಿತಿರುವುದೇ ಸಾಕು. ಸ್ಲೊವೇನಿಯದ ಬೋಹಿನ್ ಸರೋವರವನ್ನು ಸುತ್ತುವ ಹಾದಿ ಸುಮಾರು 12 ಕಿಲೋಮೀಟರು. ವಾಹನದಲ್ಲಿ ಬಂದು ಒಂದೆಡೆ ನಿಂತು ನೋಡಿದವನಿಗೆ ದೊರೆಯುವುದು ಒಂದು ಚಿತ್ರ ಮಾತ್ರ. ಹಾದಿಯನ್ನು ನಡೆದು ಮುಗಿಸಿದವನಿಗಾದರೋ ತೊರೆಯು ಸರೋವರವನ್ನು ಸೇರುವ ಎಡೆ, ಮರದ ನೆರಳು ನೀರಿನ ಮೇಲೆ ಬಿದ್ದ ಎಡೆ, ಕಲ್ಲುಗಳ ನಡುವೆ ಮೀನಿನ ಮರಿಗಳು ಸುಳಿಯುವ ಎಡೆ, ಎಲ್ಲವೂ ಪರಿಚಿತವಾಗುತ್ತವೆ. ಈಜುವವನಿಗೆ ತಿಳಿಯುವುದು ಇನ್ನೂ ಹೆಚ್ಚು. ಬಿಸಿಲಿಗೆ ಕಾದ ನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆ. ತಣ್ಣನೆಯ ನೀರು ಭಾರವಾಗಿ ತಳ ಸೇರುತ್ತದೆ. ಆದುದರಿಂದ ಮೇಲೆ ಹಿತವಾಗಿರುವ ನೀರು ಸ್ವಲ್ಪ ಆಳಕ್ಕೆ ಮುಳುಗಿದರೆ ಮೈ ನಡುಗಿಸುವಷ್ಟು ತಣ್ಣಗಿರುತ್ತದೆ. ಸರೋವರವು ಕೇವಲ ನೋಟದ ವಸ್ತುವಲ್ಲ, ತನ್ನದೇ ಆದ ನಿಯಮಗಳುಳ್ಳ ಒಂದು ಲೋಕ ಎಂಬುದನ್ನು ಅವನ ಮೈಯೇ ಅರಿಯುತ್ತದೆ.

ಇಂತಹ ಸ್ಥಳಗಳ ವಿಷಯದಲ್ಲಿ ಒಂದು ವಾದವುಂಟು. ಮನುಷ್ಯನು ಕಾಲಿಟ್ಟಲ್ಲೆಲ್ಲ ಕೊಳೆ ಸೇರುತ್ತದೆ. ಆದುದರಿಂದ ಸರೋವರಗಳು ಉಳಿಯಬೇಕಾದರೆ ಜನರನ್ನು ದೂರವಿಡುವುದೇ ಲೇಸು ಎಂದು ಕೆಲವರು ಹೇಳುತ್ತಾರೆ. ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ಫ್ರಾನ್ಸಿನ ಆನ್ಸಿ ಸರೋವರದ ಕಥೆ ಬೇರೊಂದು ಪಾಠವನ್ನು ಹೇಳುತ್ತದೆ.

ಸಮುದ್ರಮಟ್ಟದಿಂದ 447 ಮೀಟರು ಎತ್ತರದಲ್ಲಿರುವ ಆನ್ಸಿ ಸರೋವರದ ವಿಸ್ತಾರ ಸುಮಾರು 27 ಚದರ ಕಿಲೋಮೀಟರು. ಅದರ ಪೂರ್ವಕ್ಕೆ 2,351 ಮೀಟರು ಎತ್ತರದ ಟೂರ್ನೆಟ್ ಶಿಖರ ಕಾವಲುಗಾರನಂತೆ ನಿಂತಿದೆ. ದಡದ ಊರುಗಳು ಬೆಳೆದಂತೆ ಅವುಗಳ ಚರಂಡಿಯ ನೀರೆಲ್ಲ ಸರೋವರವನ್ನೇ ಸೇರತೊಡಗಿತು. ಇಪ್ಪತ್ತನೆಯ ಶತಮಾನದ ನಡುವಣ ಕಾಲಕ್ಕೆ ತಿಳಿನೀರು ಮಬ್ಬಾಗುತ್ತ ಬಂತು. ತಂಪಾದ ಶುದ್ಧಜಲದಲ್ಲಿ ಮಾತ್ರ ಬಾಳಬಲ್ಲ ಮೀನುಗಳು ಕಡಮೆಯಾದುವು.

ಇದರ ಕಾರಣ ಸರಳವಾದುದು. ಮನೆಗಳ ಕೊಳೆನೀರಿನಲ್ಲಿ ರಂಜಕದ ಅಂಶವಿರುತ್ತದೆ. ಹೊಲಕ್ಕೆ ಗೊಬ್ಬರ ಹಾಕಿದಂತೆ ಅದು ನೀರಿನ ಪಾಚಿಯನ್ನು ಕೊಬ್ಬಿಸುತ್ತದೆ. ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ಅಲ್ಲಿಯ ಆಮ್ಲಜನಕವನ್ನು ತಿಂದುಹಾಕುತ್ತದೆ. ಆಗ ತಳದಲ್ಲಿರುವ ಮೀನಿನ ಮೊಟ್ಟೆಗಳು ಉಸಿರಿಲ್ಲದೆ ನಾಶವಾಗುತ್ತವೆ. ನದಿಯಾದರೆ ತನ್ನ ಕೊಳೆಯನ್ನು ಮುಂದಕ್ಕೆ ಕೊಂಡೊಯ್ಯುತ್ತದೆ. ಸರೋವರಕ್ಕೆ ಆ ಸೌಕರ್ಯವಿಲ್ಲ. ಆನ್ಸಿ ಸರೋವರದ ನೀರು ಒಮ್ಮೆ ಪೂರ್ತಿಯಾಗಿ ಹೊಸದಾಗಬೇಕಾದರೆ ಸುಮಾರು ನಾಲ್ಕು ವರ್ಷಗಳೇ ಬೇಕು. ಒಂದು ದಿನದ ಅಲಕ್ಷ್ಯದ ಫಲವನ್ನು ಅದು ವರ್ಷಗಟ್ಟಲೆ ಉಣ್ಣಬೇಕಾಗುತ್ತದೆ.

ಈ ಅಪಾಯವನ್ನು ಮೊದಲು ಕಂಡವರು ಸರೋವರದ ಒಡನಾಟವಿದ್ದವರೇ. ಬಲೆಗೆ ಮೀನು ಬೀಳದಿದ್ದಾಗ ಬೆಸ್ತರಿಗೆ ಕೇಡಿನ ಸುಳಿವು ಸಿಕ್ಕಿತು. ಪಾಲ್ ಸೆರ್ವೆಟಾಜ್ ಎಂಬ ವೈದ್ಯರು, ಸರೋವರವು ಸಾಯುತ್ತಿದೆ ಎಂದು ಜನರನ್ನು ಎಚ್ಚರಿಸಿದರು. ರೋಗಿಯ ನಾಡಿಯನ್ನು ಹಿಡಿದು ನೋಡುವವರು ಊರಿನ ನೀರಿನ ನಾಡಿಯನ್ನೂ ಹಿಡಿದು ನೋಡಿದರೆನ್ನಬಹುದು. ಎಚ್ಚರಿಕೆಯ ಮಾತು ವ್ಯರ್ಥವಾಗಲಿಲ್ಲ. 1957ರಲ್ಲಿ ಎಂಟು ಸ್ಥಳೀಯ ಆಡಳಿತಗಳು ಒಂದುಗೂಡಿ ಒಂದು ಸಂಘವನ್ನು ಕಟ್ಟಿದುವು. ಸರೋವರದ ಸುತ್ತಲೂ ನೆಲದಡಿಯಲ್ಲಿ ಕೊಳವೆಗಳನ್ನು ಹೂಳಿ, ಊರೂರಿನ ಕೊಳೆನೀರನ್ನೆಲ್ಲ ಅವುಗಳ ಮೂಲಕ ಒಂದೆಡೆ ಕೂಡಿಸುವುದು ಅವರ ಯೋಜನೆ. 1960ರ ದಶಕದ ಆರಂಭದಲ್ಲಿ ಮೊದಲಾದ ಈ ಕೆಲಸ ಹಲವು ವರ್ಷ ನಡೆಯಿತು. ಶುದ್ಧಿಮಾಡಿದ ಮೇಲೆಯೂ ಆ ನೀರನ್ನು ಸರೋವರಕ್ಕೆ ಬಿಡದೆ, ಕೆಳಗೆ ಹರಿಯುವ ಫಿಯೆರ್ ನದಿಗೆ ಬಿಡುವ ವ್ಯವಸ್ಥೆಯಾಯಿತು.

ನೆಲದೊಳಗೆ ಹೂತುಹೋಗುವ ಕೊಳವೆಗೆ ಭವ್ಯವಾದ ಕಟ್ಟಡದ ಮೆರುಗಿಲ್ಲ. ಅದನ್ನು ನೋಡಿ ಯಾರೂ ತಲೆದೂಗುವುದಿಲ್ಲ. ಆದರೂ ಆ ಜನ ಹಣವನ್ನೂ ಶ್ರಮವನ್ನೂ ಅದಕ್ಕಾಗಿಯೇ ಸುರಿದರು. ಇಂದು ಆನ್ಸಿ ಸರೋವರ ಯೂರೋಪಿನ ಅತ್ಯಂತ ನಿರ್ಮಲವಾದ ದೊಡ್ಡ ಸರೋವರಗಳಲ್ಲಿ ಒಂದೆಂದು ಹೆಸರಾಗಿದೆ. ಮಕ್ಕಳು ಅದರಲ್ಲಿ ಈಜುತ್ತಾರೆ. ಊರಿನವರಿಗೆ ಕುಡಿಯುವ ನೀರೂ ಅದರಿಂದಲೇ ದೊರೆಯುತ್ತದೆ. ಪ್ರವಾಸಿಗನು ಪ್ರಕೃತಿಯ ಕೊಡುಗೆಯೆಂದು ಕೊಂಡಾಡುವ ಆ ತಿಳಿನೀರಿನ ಹಿಂದೆ, ಕಣ್ಣಿಗೆ ಕಾಣದ ಮನುಷ್ಯಪ್ರಯತ್ನವೊಂದು ಅಡಗಿದೆ. ಬೇಲಿ ಹಾಕಿ ಜನರನ್ನು ಹೊರಗಿಟ್ಟುದರಿಂದ ಆ ಸರೋವರ ಉಳಿಯಲಿಲ್ಲ. ಅದನ್ನು ಬಳಸಿ, ಬಲ್ಲವರಾಗಿ, ಪ್ರೀತಿಸಿದ ಜನರಿಂದ ಉಳಿಯಿತು.

ಹಾಗೆಂದು ಪ್ರೀತಿಯೊಂದೇ ಸಾಲದು. ಅದಕ್ಕೆ ಸಂಯಮದ ಜೊತೆ ಬೇಕು. ಜರ್ಮನಿಯ ಆಗ್ನೇಯ ಮೂಲೆಯಲ್ಲಿ, 2,713 ಮೀಟರು ಎತ್ತರದ ವಾಟ್ಸ್‌ಮನ್ ಪರ್ವತದ ಬುಡದಲ್ಲಿರುವ ಕೋನಿಗ್ಸ್‌ಜೇ ಸರೋವರ ಇದಕ್ಕೆ ಎರಡು ಬಗೆಯ ನಿದರ್ಶನವನ್ನು ಒದಗಿಸುತ್ತದೆ. ಕಡಿದಾದ ಬಂಡೆಗಳ ನಡುವಣ ಈ ಸರೋವರದ ಆಳ ಸುಮಾರು 190 ಮೀಟರು. ಅಲ್ಲಿ 1909ರಿಂದಲೇ ಪ್ರಯಾಣಿಕರ ದೋಣಿಗಳು ವಿದ್ಯುಚ್ಛಕ್ತಿಯಿಂದ ನಡೆಯುತ್ತಿವೆ. ಹೊಗೆಯಿಲ್ಲ, ಎಣ್ಣೆಯ ಜಿಡ್ಡಿಲ್ಲ, ಯಂತ್ರದ ಗದ್ದಲವೂ ಇಲ್ಲ. ನಡುನೀರಿನಲ್ಲಿ ದೋಣಿಯನ್ನು ನಿಲ್ಲಿಸಿ ಕಹಳೆಯೂದಿದರೆ ಎದುರಿನ ಬಂಡೆ ಅದಕ್ಕೆ ಮಾರ್ದನಿ ಕೊಡುತ್ತದೆ. ಪರಿಸರರಕ್ಷಣೆಯ ಮಾತು ಲೋಕದಲ್ಲಿ ಇಂದಿನಂತೆ ಬಳಕೆಗೆ ಬರುವ ಎಷ್ಟೋ ಮುಂಚೆಯೇ ಅಲ್ಲಿ ಈ ವಿವೇಕ ರೂಢಿಗೆ ಬಂದಿತ್ತು. 1978ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು.

ಅದೇ ಸರೋವರದ ಮೇಲಣ ಬೆಟ್ಟದಲ್ಲಿ ಜಲಪಾತವೊಂದರ ನೆತ್ತಿಗೆ ಒಂದು ಸಣ್ಣ ಮಡುವಿದೆ. ಅದರಲ್ಲಿ ನಿಂತವರ ಚಿತ್ರಗಳು ಮೊಬೈಲುಗಳ ಮೂಲಕ ದೇಶದೇಶಗಳಿಗೆ ಹರಡಿ, ಅಂತಹುದೇ ಚಿತ್ರವನ್ನು ತೆಗೆದುಕೊಳ್ಳಲು ಜನ ಮುಗಿಬಿದ್ದರು. ಬಂದವರು ಹಾದಿ ಬಿಟ್ಟು ನಡೆದರು. ಗಿಡಬಳ್ಳಿಗಳು ಕಾಲ್ತುಳಿತಕ್ಕೆ ಸಿಕ್ಕಿ ನೆಲ ಬೋಳಾಯಿತು. 2019ರಲ್ಲಿ ಇಬ್ಬರು ತರುಣರು ಆ ಮಡುವಿನಲ್ಲಿ ಮುಳುಗಿ ಮೃತರಾದುದು ಅತ್ಯಂತ ಶೋಚನೀಯ. ಕೊನೆಗೆ 2021ರಲ್ಲಿ ಆ ಸ್ಥಳಕ್ಕೆ ಪ್ರವೇಶವನ್ನೇ ನಿಷೇಧಿಸಬೇಕಾಯಿತು. ಸಂಯಮವನ್ನು ಜನರು ತಾವಾಗಿ ಪಾಲಿಸದಿದ್ದಾಗ ಕಾನೂನು ಬಂದು ಬಾಗಿಲು ಹಾಕುತ್ತದೆ. ಆಗ ನಷ್ಟವಾಗುವುದು ತಪ್ಪು ಮಾಡಿದವರಿಗೆ ಮಾತ್ರವಲ್ಲ, ವಿನಯದಿಂದ ನಡೆದು ಬರುವವರಿಗೂ ಹೌದು.

ಆದುದರಿಂದ ಪರ್ವತಸರೋವರಕ್ಕೆ ಹೋಗುವುದು ತಪ್ಪಲ್ಲ. ಯಾವ ಮನೋಭಾವದಿಂದ ಹೋಗಬೇಕೆಂಬುದೇ ಮುಖ್ಯ. ಅತಿಥಿಯಾಗಿ ಬಂದವನು ಮನೆಯ ರೀತಿನೀತಿಗಳನ್ನು ಗೌರವಿಸುತ್ತಾನೆ. ಹಾಗೆಯೇ ಹಾಕಿದ ಹಾದಿಯಲ್ಲಿ ನಡೆಯುವುದು, ಮೈಗೆ ಹಚ್ಚಿದ ಎಣ್ಣೆ ಸಾಬೂನುಗಳನ್ನು ನೀರಿಗೆ ಬೆರೆಸದಿರುವುದು, ತಂದ ವಸ್ತುಗಳನ್ನು ಹಿಂದಕ್ಕೆ ಒಯ್ಯುವುದು, ನೀರಿನ ತಣ್ಪನ್ನೂ ಆಳವನ್ನೂ ಅರಿತೇ ಈಜಿಗೆ ಇಳಿಯುವುದು ಪ್ರವಾಸಿಗನ ಧರ್ಮ. ಇವು ಕಷ್ಟದ ವ್ರತಗಳಲ್ಲ. ಆದರೆ ಇವನ್ನು ಸಾವಿರ ಜನ ಪಾಲಿಸಿದರೆ ಸರೋವರ ಉಳಿಯುತ್ತದೆ. ಸಾವಿರ ಜನ ಮರೆತರೆ ಅಳಿಯುತ್ತದೆ.

ಹಿಮನದಿಗಳು ಸಾವಿರಾರು ವರ್ಷ ದುಡಿದು ತೋಡಿದ ಪಾತ್ರೆಯನ್ನು ಒಂದೇ ತಲೆಮಾರು ಕೆಡಿಸಬಲ್ಲದು. ಕೆಟ್ಟುದನ್ನು ಒಂದೇ ತಲೆಮಾರು ಸರಿಪಡಿಸಲೂ ಬಲ್ಲದು ಎಂಬುದಕ್ಕೆ ಆನ್ಸಿಯ ಜನರೇ ಸಾಕ್ಷಿ. ತಿಳಿನೀರಿನಲ್ಲಿ ಮಿಂದು, ಶಿಖರಗಳನ್ನು ಕಣ್ತುಂಬ ನೋಡಿ ಮರಳುವ ಪ್ರತಿಯೊಬ್ಬನೂ ಆ ನೀರಿಗೆ ಋಣಿ. ಮುಂದೆ ಬರುವವನಿಗೂ ಅದೇ ತಿಳಿನೀರು ದೊರೆಯುವಂತೆ ನಡೆದುಕೊಂಡಾಗಲೇ ಆ ಋಣ ತೀರುತ್ತದೆ.