‘ಗಂಧದ ಗುಡಿ’ಯ ಕಳ್ಳರು

ಕನ್ನಡ ಚಿತ್ರರಂಗದಲ್ಲಿ ಕಾಡಿನ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ‘ಗಂಧದ ಗುಡಿ’. ಎಂ.ಪಿ. ಶಂಕರ್ ನಿರ್ಮಿಸಿ ವಿಜಯ್ ನಿರ್ದೇಶಿಸಿದ ಈ ಚಿತ್ರ ತೆರೆ ಕಂಡದ್ದು 1973ರಲ್ಲಿ. ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರಾದ ವರ್ಷವೂ ಅದೇ, ಬಂಡೀಪುರ ಹುಲಿ ಯೋಜನೆಗೆ ಸೇರಿದ ವರ್ಷವೂ ಅದೇ. ನಾಡಿನ ಅಭಿಮಾನ ಮತ್ತು ಕಾಡಿನ ಅಭಿಮಾನಗಳೆರಡೂ ಒಂದೇ ಚಿತ್ರದಲ್ಲಿ ಬೆಸೆದುಕೊಂಡವು. ರಾಜ್ಯೋತ್ಸವದ ಧ್ವನಿವರ್ಧಕಗಳಲ್ಲಿ ಅದರ ಹಾಡು ಇಂದಿಗೂ ಕೇಳಿಬರುತ್ತದೆ. 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರವೂ ಅದೇ ಹೆಸರನ್ನು ಹೊತ್ತಿತು.

ಇಷ್ಟೆಲ್ಲ ಹೊಗಳಿಕೆಯನ್ನು ಕೇಳುತ್ತಲೇ ಬೆಳೆದ ಮಲೆನಾಡಿನ ವಿದ್ಯಾರ್ಥಿಯೊಬ್ಬ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಅವನಿಗೆ ನಿರಾಸೆಯಾಗುವ ಸಂಭವವೇ ಹೆಚ್ಚು. ಅದನ್ನು ಬಾಯಿ ಬಿಟ್ಟು ಹೇಳಲು ಅವನು ಅಂಜುವುದೂ ಸಹಜ. ಡಾ. ರಾಜ್‌ಕುಮಾರರ ಅಭಿನಯದಲ್ಲಿ ಕುಂದಿಲ್ಲ. ರಾಜನ್–ನಾಗೇಂದ್ರರ ಸಂಗೀತದಲ್ಲಂತೂ ಇಲ್ಲವೇ ಇಲ್ಲ. ಆನೆಯ ಹಿಂಡುಗಳನ್ನು ಚಿತ್ರಮಂದಿರಕ್ಕೆ ಕರೆತಂದು, ಕಾಡು ಉಳಿಯಬೇಕೆಂಬ ಮಾತನ್ನು ಪೇಟೆಯ ಜನರ ಕಿವಿಗೆ ಮುಟ್ಟಿಸಿದ ಶ್ರೇಯಸ್ಸೂ ಈ ಚಿತ್ರಕ್ಕೆ ಸಲ್ಲಬೇಕು. ನಿರಾಸೆಯ ಮೂಲ ಬೇರೆಡೆ ಇದೆ.

ಚಿತ್ರದ ಕಲ್ಪನೆಯಲ್ಲಿ ಕಾಡೆಂಬುದು ಒಂದು ಭಂಡಾರ. ಅದಕ್ಕೊಬ್ಬ ಪ್ರಾಮಾಣಿಕ ಕಾವಲುಗಾರ ಬೇಕು. ಆತ ಜೀಪಿನಲ್ಲಿ ಬರುವ ಅರಣ್ಯಾಧಿಕಾರಿ. ಮರಗಳ್ಳರು, ಬೇಟೆಗಾರರು ಅದಕ್ಕೆ ಕನ್ನ ಹಾಕುವವರು. ಒಳ್ಳೆಯ ಅಧಿಕಾರಿ ಕಳ್ಳರನ್ನು ಸದೆಬಡಿದರೆ ಕಾಡು ಉಳಿಯಿತು, ಕಥೆ ಮುಗಿಯಿತು. ಸೊಪ್ಪು, ಸೌದೆ, ಜೇನು, ಬಿದಿರುಗಳಿಗಾಗಿ ಅದೇ ಕಾಡನ್ನು ನಂಬಿದವರಿಗೆ ಅದರ ಮೇಲೆ ಯಾವ ಹಕ್ಕಿದೆ ಎಂಬುದು ಚಿತ್ರಕ್ಕೆ ಪ್ರಶ್ನೆಯಾಗಿ ಕಾಡುವುದೇ ಇಲ್ಲ.

ಆ ಕಾಲದ ಕಾಡು ನಿಜಕ್ಕೂ ಹೋದದ್ದೆಲ್ಲಿಗೆ? ಲಿಂಗನಮಕ್ಕಿಯ ನೀರಿನಲ್ಲಿ ಶರಾವತಿ ಕಣಿವೆ ಮುಳುಗಿದ್ದು 1964ರಲ್ಲಿ. ಚಿತ್ರ ಬಂದ ಮರುವರ್ಷ, 1974ರಲ್ಲಿ, ಕಬಿನಿ ಅಣೆಕಟ್ಟು ಪೂರ್ಣಗೊಂಡು ಖೆಡ್ಡಾಗಳಿಗೆ ಹೆಸರಾದ ಕಾಕನಕೋಟೆಯ ಕಾಡು ನೀರುಪಾಲಾಯಿತು. ಅಲ್ಲಿ ಯಾವ ಕಳ್ಳನೂ ಇರಲಿಲ್ಲ. ಮಂಜೂರಾತಿ ಇತ್ತು, ನಕ್ಷೆ ಇತ್ತು, ಮೊಹರು ಇತ್ತು.

ಉತ್ತರ ಕನ್ನಡದ ಬಿದಿರಿನ ಕಥೆಯನ್ನು ತುಸು ವಿವರವಾಗಿಯೇ ನೆನೆಯಬೇಕು. 1958ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಒದಗಿಸಲು ಒಪ್ಪಿತು. ಪೇಟೆಯಲ್ಲಿ ಬುಟ್ಟಿ ಹೆಣೆಯುವವರು ಕೊಳ್ಳುತ್ತಿದ್ದ ಬೆಲೆಯೊಡನೆ ಹೋಲಿಸಿದರೆ ಅದನ್ನು ದಾನವೆಂದೇ ಕರೆಯಬೇಕು. ಬಿದಿರು ಬರಿದಾಗತೊಡಗಿದಾಗ ತಪ್ಪು ಹಳ್ಳಿಗರ ಮತ್ತು ಅವರ ದನಗಳ ಮೇಲೆ ಬಂತು. 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳ ಮತ್ತು ಸಂಗಡಿಗರು ಕಾಡಿಗೇ ಹೋಗಿ ಪರೀಕ್ಷಿಸಿದರು. ಹಳ್ಳಿಗರು ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನು ಹಾಗೆಯೇ ಬಿಡುತ್ತಿದ್ದರು. ಆ ಮುಳ್ಳುಬೇಲಿಯೊಳಗೆ ಎಳೆಯ ಕಳಲೆ ಸುರಕ್ಷಿತವಾಗಿ ಮೇಲೇಳುತ್ತಿತ್ತು. ಕಾರ್ಖಾನೆಗಾಗಿ ಕಡಿಯುವಾಗ ಮಾತ್ರ ‘ವೈಜ್ಞಾನಿಕ ಕ್ರಮ’ವೆಂದು ಬುಡವನ್ನು ಸ್ವಚ್ಛಗೊಳಿಸಲಾಗುತ್ತಿತ್ತು. ಮುಳ್ಳು ಹೋದೊಡನೆ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸಿದವು. ಗ್ರಾಮಸ್ಥರಿಗೆ ಗೊತ್ತಿದ್ದುದು ಇಲಾಖೆಗೆ ಗೊತ್ತಿರಲಿಲ್ಲ. ಇಂಥದ್ದೊಂದು ದೃಶ್ಯವನ್ನು ಬೆಳ್ಳಿತೆರೆಯ ಮೇಲೆ ಊಹಿಸಿಕೊಳ್ಳುವುದೂ ಕಷ್ಟ, ಏಕೆಂದರೆ ಅಲ್ಲಿ ಹೊಡೆದಾಡಲು ಖಳನಾಯಕನೇ ಸಿಗುವುದಿಲ್ಲ!

ಚಿತ್ರ ಬಂದು ಹತ್ತು ವರ್ಷ ತುಂಬುವ ಹೊತ್ತಿಗೆ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಲ್ಕಣಿಯ ಸುತ್ತಲಿನ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಆ ಮರಗಳಿಗೆ ಕೊಡಲಿ ಎತ್ತಿದ್ದವರು ರಾತ್ರಿಯ ಕಳ್ಳರಲ್ಲ, ಇಲಾಖೆಯಿಂದ ಪರವಾನಗಿ ಪಡೆದ ಗುತ್ತಿಗೆದಾರರ ಕೂಲಿಗಳು. ‘ಗಂಧದ ಗುಡಿ’ಯ ಲೆಕ್ಕಾಚಾರದಲ್ಲಿ ಈ ಹೆಂಗಸರು, ಗಂಡಸರು ಯಾವ ಪಕ್ಷಕ್ಕೆ ಸೇರುತ್ತಾರೆ? ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದವರೆಂದೇ ಹೇಳಬೇಕಾದೀತು.

ಹೆಸರಿನಲ್ಲಿರುವ ಗಂಧದ ಮರದ ಗತಿಯೂ ಇದೇ. ರೈತನ ಹಿತ್ತಿಲಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ ಸ್ವತ್ತಾಗಿತ್ತು. ಮರ ಕಳುವಾದರೆ ಪೊಲೀಸ್ ಠಾಣೆಗೆ ಅಲೆಯಬೇಕಾದವನು ಮಾತ್ರ ರೈತ. ಹೀಗಾಗಿ ಬೇಲಿಯ ಬಳಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತೆಸೆಯುವುದು ಅನೇಕ ಕಡೆ ರೂಢಿಯಾಯಿತು. ಕಾನೂನಿಗೆ ತಿದ್ದುಪಡಿ ತಂದು ಭೂಮಾಲೀಕನಿಗೆ ಮರದ ಒಡೆತನ ಕೊಟ್ಟದ್ದು 2001ರಲ್ಲಿ. ಇತರ ಗಿಡಮರಗಳ ಬೇರಿಗೆ ತನ್ನ ಬೇರು ತಾಗಿಸಿ ಆಹಾರ ಪಡೆದರೆ ಮಾತ್ರ ಗಂಧ ಚೆನ್ನಾಗಿ ಬೆಳೆಯುತ್ತದೆ. ಅಂಥ ಮರವನ್ನು ನೆರೆಹೊರೆಯಿಂದ ಬೇರ್ಪಡಿಸಿ ಗರ್ಭಗುಡಿಯಲ್ಲಿಟ್ಟು ಕಾಯಹೊರಟದ್ದು ವಿಚಿತ್ರವೇ ಸರಿ.

ಮುಂದೆ ಚಿತ್ರದ ಕಥೆಯೇ ನಿಜಜೀವನದಲ್ಲಿ ಎದುರಾಯಿತು. 2000ದ ಜುಲೈ 30ರಂದು, ಗಂಧ ಮತ್ತು ದಂತಗಳ ಕಳ್ಳಸಾಗಣೆಗೆ ಕುಖ್ಯಾತನಾದ ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರರನ್ನೇ ಅಪಹರಿಸಿ 108 ದಿನ ಕಾಡಿನಲ್ಲಿಟ್ಟ. 2004ರಲ್ಲಿ ವಿಶೇಷ ಕಾರ್ಯಪಡೆ ಅವನನ್ನು ಕೊಂದಾಗ ಪತ್ರಿಕೆಗಳಲ್ಲಿ ಕಥೆ ಮುಗಿಯಿತು. ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನ ಹಾಡಿಗಳಲ್ಲಿ ಮುಗಿಯಲಿಲ್ಲ. ಕಳ್ಳನಿಗೆ ಅನ್ನ ಕೊಟ್ಟರೆಂಬ ಶಂಕೆಯ ಮೇಲೆ ಕಾವಲಿನವರ ಕೈಯಲ್ಲಿ ನರಳಿದ ಹಳ್ಳಿಗರ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ಆಲಿಸಿತು. 2007ರಲ್ಲಿ ಆಯೋಗವು 89 ಮಂದಿಗೆ ಪರಿಹಾರ ನೀಡುವಂತೆ ಹೇಳಿತು. ಇಂದು ಚಿತ್ರವನ್ನು ನೋಡುವ ವಿದ್ಯಾರ್ಥಿಗೆ ಜೀಪು ದಾಟಿಹೋಗುವ ದಾರಿಯ ಪಕ್ಕದಲ್ಲಿ ಕಾಣದಿರುವವರು ಇವರೇ.