ಎಲ್ಲವೂ ‘ಸಂಗ್ರಹಿಸು’ ಅಲ್ಲ

ಕಳೆದ ಸೆಮಿಸ್ಟರಿನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಾವು ‘ರೈತರಿಂದ ಡೇಟಾ ಅಕ್ಯುಮ್ಯುಲೇಟ್ ಮಾಡಿದೆವು’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದೆವು. ವೈವಾದಲ್ಲಿ ಪರೀಕ್ಷಕರು ನಕ್ಕುಬಿಟ್ಟರು. ‘ಕನ್ನಡ ಮೀಡಿಯಮ್ಮಾ?’ ಅಂದರು. ಆಮೇಲೆ ಸೆನ್ಸರ್ ಬಗ್ಗೆ ಕೇಳಿದ ಒಂದು ಪ್ರಶ್ನೆಗೂ ನಮ್ಮ ಗೆಳೆಯ ಬಾಯಿ ಬಿಡಲಿಲ್ಲ. ಕೋಡ್ ಪೂರ್ತಿ ಬರೆದವನು ಅವನೇ.

ತಪ್ಪು ನಮ್ಮದೇ, ಒಪ್ಪಿದೆವು. ಆದರೆ ತಪ್ಪಿಗೆ ಕಾರಣ ಕನ್ನಡ ಅಲ್ಲ. ಕಲೆಕ್ಟ್, ಗ್ಯಾದರ್, ಅಕ್ಯುಮ್ಯುಲೇಟ್, ಅಸೆಂಬಲ್, ಕಂಪೈಲ್ ಐದಕ್ಕೂ ‘ಸಂಗ್ರಹಿಸು’ ಅಂತ ಒಂದೇ ಅರ್ಥ ಬರೆದುಕೊಂಡು ಉರು ಹೊಡೆದದ್ದು ಕಾರಣ.

ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ. ಬಿದ್ದ ಹುಣಸೆಹಣ್ಣು ಆಯ್ತೀವಿ, ಬಣವೆ ಒಟ್ತೀವಿ, ದುಡ್ಡು ಕೂಡಿಡ್ತೀವಿ, ಗಣೇಶನಿಗೆ ಚಂದಾ ಎತ್ತುತ್ತೀವಿ. ಜಾತ್ರೆಗೆ ಜನ ಸೇರ್ತಾರೆ, ಕೆರೆಯಲ್ಲಿ ಹೂಳು ತುಂಬುತ್ತೆ. ಯಾರಾದರೂ ಮಾಡಿದ್ದಾ, ತಾನಾಗೇ ಆದದ್ದಾ, ಒಂದೇ ಸಲಕ್ಕಾ, ದಿನ ಕಳೆದಂತೆ ಆಯಿತಾ ಅನ್ನೋದು ಕ್ರಿಯಾಪದದಲ್ಲೇ ಗೊತ್ತಾಗುತ್ತೆ. ಇದೇ ಪ್ರಶ್ನೆಗಳನ್ನು ಇಂಗ್ಲಿಷ್ ಪದಕ್ಕೂ ಕೇಳಿದರೆ ಸಾಕು.

ಉತ್ತರ ನಮ್ಮ ಲ್ಯಾಬಿನಲ್ಲೇ ಇದೆ. ಟ್ರಾನ್ಸಿಸ್ಟರಿನಲ್ಲಿ ಎಮಿಟರ್ ಬಿಟ್ಟ ವಿದ್ಯುತ್ ಕಣಗಳನ್ನು ಕಲೆಕ್ಟರ್ ಪಡೆದುಕೊಳ್ಳುತ್ತೆ. ಬೇರೆ ಕಡೆಯದನ್ನು ಹೀಗೆ ಪಡೆಯೋದು ಕಲೆಕ್ಟ್. 8085ರಲ್ಲಿ ಸಂಖ್ಯೆಗಳನ್ನು ಕೂಡಿಸುತ್ತಾ ಹೋದಂತೆ ಮೊತ್ತ ಅಕ್ಯುಮ್ಯುಲೇಟರಿನಲ್ಲೇ ಉಳಿದು ಬೆಳೆಯುತ್ತೆ. ಆ ಪದದ ಬೇರು ಲ್ಯಾಟಿನಿನ ‘ಕ್ಯುಮುಲಸ್’, ಅಂದರೆ ರಾಶಿ. ಹಾಗಾಗಿ ಡೇಟಾ ಕಲೆಕ್ಟ್ ಮಾಡ್ತೀವಿ, ಎರರ್ ಅಕ್ಯುಮ್ಯುಲೇಟ್ ಆಗುತ್ತೆ. ಬಿಡಿಭಾಗ ಜೋಡಿಸೋದು ಅಸೆಂಬಲ್. ಅಲ್ಲಲ್ಲಿ ಇರೋದನ್ನು ಕಲೆಹಾಕಿ ಒಂದು ಕೃತಿ ಮಾಡೋದು ಕಂಪೈಲ್. 1952ರಲ್ಲಿ ಗ್ರೇಸ್ ಹಾಪರ್ ತಮ್ಮ ಎ-0ಗೆ ‘ಕಂಪೈಲರ್’ ಅಂತ ಹೆಸರಿಟ್ಟದ್ದೂ ಅದಕ್ಕೇ: ಅದು ಲೈಬ್ರರಿಯಿಂದ ಸಬ್‌ರೂಟೀನ್‌ಗಳನ್ನು ಕಲೆಹಾಕಿ ಪ್ರೋಗ್ರಾಮ್ ಕಟ್ಟುತ್ತಿತ್ತು.

ಗೆರೆ ಎಲ್ಲ ಕಡೆ ಖಚಿತವಾಗಿಲ್ಲ. ಧೂಳು ಕಲೆಕ್ಟೂ ಆಗುತ್ತೆ, ಅಕ್ಯುಮ್ಯುಲೇಟೂ ಆಗುತ್ತೆ. ‘ಗ್ಯಾದರ್’ ಡೇಟಾಗೂ ನಡೆಯುತ್ತೆ, ಜನಕ್ಕೂ ನಡೆಯುತ್ತೆ. ಅದು ಓದ್ತಾ ಓದ್ತಾ ಬರಬೇಕು.

ಜೂನಿಯರ್‌ಗಳಿಗೆ ನಮ್ಮ ಮಾತು ಇಷ್ಟೇ: ಹೊಸ ಇಂಗ್ಲಿಷ್ ಕ್ರಿಯಾಪದ ಸಿಕ್ಕರೆ ಪಕ್ಕದಲ್ಲಿ ಕನ್ನಡದ ಒಂದು ಪದ ಬರೀಬೇಡಿ, ಮನೆಯಲ್ಲಿ ಆಡೋ ಒಂದು ವಾಕ್ಯ ಬರೀರಿ. ಕನ್ನಡ ಗೊತ್ತಿರೋದು ಇಲ್ಲಿ ಅಡ್ಡಿಯಲ್ಲ, ಅನುಕೂಲ.

ಮೇಷ್ಟ್ರುಗಳಿಗೂ ಒಂದು ಮಾತು. ಪದ ತಪ್ಪಿದ್ದರೆ ತಿದ್ದಿ ಸರ್, ಕಲೀತೀವಿ. ನಗಬೇಡಿ. ತಿದ್ದಿದ ಮೇಲೆ ಸೆನ್ಸರ್ ಬಗ್ಗೆ ಕೇಳಿ. ಆಗ ನಮ್ಮ ಗೆಳೆಯ ಬಾಯಿ ಬಿಡ್ತಾನೆ.