ಮೂರು ತಿಂಗಳು ಟ್ರಂಕಿನಲ್ಲಿದ್ದ ಕಾಗದ
(ಅಂತಿಮ ಬಿ.ಎ. ವಿದ್ಯಾರ್ಥಿ)

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನನ್ನಂಥವನು ವೈದ್ಯಶಾಸ್ತ್ರದ ವಿಷಯದಲ್ಲಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ನಮ್ಮ ಮನೆಯ ಟ್ರಂಕಿನಲ್ಲಿಯೇ ಅದು ಮೂರು ತಿಂಗಳು ಮಲಗಿತ್ತು.

ಎರಡು ವರ್ಷಗಳ ಹಿಂದೆ, 7ನೆಯ ತರಗತಿಯಲ್ಲಿದ್ದ ನನ್ನ ತಮ್ಮನಿಗೆ ಹೊಟ್ಟೆನೋವು ಬಂದಿತು. ಅಮ್ಮ ದೃಷ್ಟಿ ತೆಗೆದಳು, ಓಮದ ಕಷಾಯ ಕುಡಿಸಿದಳು. ಮೂರನೆಯ ದಿನ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಅಪೆಂಡಿಕ್ಸ್ ಕುಯ್ದು ತೆಗೆದರು. ತೆಗೆದುದನ್ನು ಸಣ್ಣ ಶೀಷೆಯೊಂದರಲ್ಲಿ ಔಷಧದ ನೀರಿನೊಳಗಿಟ್ಟು, "ಲ್ಯಾಬಿಗೆ ಕೊಡಿ" ಎಂದು ಅಪ್ಪನ ಕೈಗಿತ್ತರು. ಲ್ಯಾಬಿನವರು ಕೇಳಿದ ಹಣ ಅಪ್ಪನ ಎರಡು ದಿನದ ಕೂಲಿ. "ಕುಯ್ದು ತೆಗೆದದ್ದನ್ನ ಇನ್ನೇನು ನೋಡ್ತಾರೆ? ಎಲ್ಲಾದ್ರೂ ಹೂತುಬಿಡಿ" ಎಂದಳಂತೆ ಅಮ್ಮ. ಅಪ್ಪ ಹೂಳಲಿಲ್ಲ. ಏಕೆಂದು ಕೇಳಿದರೆ, "ಡಾಕ್ಟರು ಹೇಳಿದ್ರಲ್ಲಪ್ಪ" ಎಂಬುದಷ್ಟೇ ಉತ್ತರ. ವಾರದ ಮೇಲೆ ಬಂದ ವರದಿಯನ್ನು ತಂದು ಪಡಿತರ ಚೀಟಿಯ ಜೊತೆಗೆ ಟ್ರಂಕಿನಲ್ಲಿಟ್ಟರು. ಅದನ್ನು ಮರಳಿ ತೋರಿಸಬೇಕೆಂದು ಯಾರೂ ಹೇಳಿರಲಿಲ್ಲ. ಹುಡುಗನೂ ಚೆನ್ನಾಗಿದ್ದನಲ್ಲ! ಹಾಸ್ಟೆಲಿನಲ್ಲಿದ್ದ ನಾನೂ ಕೇಳಲಿಲ್ಲ.

ವಿದ್ಯಾರ್ಥಿವೇತನಕ್ಕಾಗಿ ಆದಾಯ ಪ್ರಮಾಣಪತ್ರ ಹುಡುಕುವಾಗ ಅದು ಕೈಗೆ ಸಿಕ್ಕಿತು. ಇಂಗ್ಲಿಷಿನ ಕೆಲವು ಸಾಲುಗಳು. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ; ನನಗೂ ತಿಳಿದದ್ದು 'ಟ್ಯೂಮರ್' ಎಂಬ ಒಂದೇ ಶಬ್ದ. ಆ ರಾತ್ರಿ ನಿದ್ರೆ ಬರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ.

ಮರುದಿನ ಶಸ್ತ್ರವೈದ್ಯರು ಐದೇ ನಿಮಿಷದಲ್ಲಿ ತಿಳಿಸಿದರು: ಅಪೆಂಡಿಕ್ಸಿನ ತುದಿಯಲ್ಲಿ 6 ಮಿಲಿಮೀಟರಿನ ಗಡ್ಡೆಯಿತ್ತು, ಅದರೊಡನೆಯೇ ಪೂರ್ತಿಯಾಗಿ ಬಂದುಬಿಟ್ಟಿದೆ, ಇನ್ನೊಂದು ಶಸ್ತ್ರಕ್ರಿಯೆ ಬೇಡ.

ಆಮೇಲೆ ಓದಿ ತಿಳಿದುಕೊಂಡೆ. ಸಾವಿರ ಮಕ್ಕಳ ಅಪೆಂಡಿಕ್ಸ್ ತೆಗೆದರೆ ಒಂದೆರಡರಲ್ಲಿ, ಹೆಚ್ಚೆಂದರೆ ನಾಲ್ಕೈದರಲ್ಲಿ ಇಂಥ ಗಡ್ಡೆ ಸಿಗುತ್ತದೆ. ಬಹುಪಾಲು 'ಕಾರ್ಸಿನಾಯ್ಡ್' ಎಂಬ ಜಾತಿಯವು. ಕ್ಯಾನ್ಸರಿನಂಥದು ಎಂದು ಅದರ ಅರ್ಥ. 1907ರಲ್ಲಿ ಈ ಹೆಸರಿಟ್ಟವನು ಜರ್ಮನಿಯ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್. ಇವು ನಿರುಪದ್ರವಿಗಳೆಂದು ಬರೆದಿದ್ದ ಆತನೇ 1929ರಲ್ಲಿ, ಕೆಲವು ಹರಡಲೂ ಬಲ್ಲವೆಂದು ತಿದ್ದಿಕೊಂಡನು. (ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವ ವಿದ್ವಾಂಸರು ವಿರಳ!) ಮಕ್ಕಳಲ್ಲಿ ಹೆಚ್ಚಿನವು 1 ಸೆಂಟಿಮೀಟರಿಗಿಂತ ಚಿಕ್ಕವು, ಮೊದಲ ಶಸ್ತ್ರಕ್ರಿಯೆಯಲ್ಲೇ ಗುಣ. 2 ಸೆಂಟಿಮೀಟರಿಗೆ ಮೀರಿದ್ದರೆ ಮುಂದಿನ ಚಿಕಿತ್ಸೆಯ ಯೋಚನೆ ಮಾಡಬೇಕಾಗುತ್ತದೆ. ಅನೇಕ ವೇಳೆ ಗಡ್ಡೆ ಶಸ್ತ್ರವೈದ್ಯರ ಕಣ್ಣಿಗೂ ಬೀಳದು; ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ತಿಳಿಯುವುದು.

ಎಲ್ಲ ಅಪೆಂಡಿಕ್ಸುಗಳನ್ನೂ ಹೀಗೆ ಪರೀಕ್ಷಿಸುವುದು ದುಂದು, ಬಹುತೇಕ ವರದಿಗಳಿಂದ ಚಿಕಿತ್ಸೆಯೇನೂ ಬದಲಾಗುವುದಿಲ್ಲ ಎಂದು ವಾದಿಸುವ ವೈದ್ಯರು ವಿದೇಶಗಳಲ್ಲಿದ್ದಾರೆ. ನನ್ನ ತಮ್ಮನ ಮಟ್ಟಿಗೆ ಅವರ ಮಾತೇ ನಿಜವೆನ್ನಬೇಕು. ಶೀಷೆಯನ್ನು ಹೂತಿದ್ದರೂ ಅವನು ಇಂದಿನಂತೆಯೇ ಕಬಡ್ಡಿ ಆಡಿಕೊಂಡಿರುತ್ತಿದ್ದನು. ಆದರೂ ಆ ವಾದವನ್ನು ನಾನು ಒಪ್ಪಲಾರೆ. ಇದೇ ಅಪೆಂಡಿಕ್ಸಿನಲ್ಲಿ, ಇನ್ನೂ ಅಪರೂಪವಾಗಿ, ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರು ಅಡಗಿರುವುದುಂಟು. ಅದೂ ಅದೇ ಹೊಟ್ಟೆನೋವಿನ ವೇಷದಲ್ಲಿಯೇ ಬರುತ್ತದೆ. ದಿನಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಕುಯ್ದು ತೆಗೆದ ಮಾತ್ರಕ್ಕೆ ಅದು ಮುಗಿಯದು, ಕೀಮೋಥೆರಪಿ ಬೇಕು. ಬೇಗ ಕೊಟ್ಟರೆ ಬಹುಮಂದಿ ಮಕ್ಕಳು ಉಳಿಯುತ್ತಾರೆ. ಅಂಥ ಮಗುವಿನ ವರದಿ ಮೂರು ತಿಂಗಳು ಟ್ರಂಕಿನಲ್ಲಿ ಮಲಗಿದರೆ ಗತಿಯೇನು? ಶೀಷೆಯಲ್ಲಿರುವುದು ಇಂಥದೇ ಎಂದು ಹೊರಗಿನಿಂದ ಹೇಳಬಲ್ಲವರಾರು?

ತೆಗೆದದ್ದನ್ನು ನೋಡುವುದೇನು ಎಂಬ ಅಮ್ಮನ ಪ್ರಶ್ನೆಗೆ ಇತಿಹಾಸದಲ್ಲಿಯೂ ಒಂದು ಉತ್ತರವಿದೆ. ದಾಖಲೆಯಲ್ಲಿರುವ ಮೊದಲ ಅಪೆಂಡಿಕ್ಸ್ ಶಸ್ತ್ರಕ್ರಿಯೆ ನಡೆದದ್ದು ಒಬ್ಬ ಬಾಲಕನಿಗೇ. 1735ರಲ್ಲಿ ಲಂಡನ್ನಿನ ಕ್ಲಾಡಿಯಸ್ ಅಮ್ಯಾಂಡ್ 11 ವರ್ಷದ ಹುಡುಗನ ಅಪೆಂಡಿಕ್ಸ್ ತೆಗೆದಾಗ, ಅದನ್ನು ತೂತು ಮಾಡಿದ್ದ ಗುಂಡುಪಿನ್ನೊಂದು ಸಿಕ್ಕಿತು. ನೋಡಿದ್ದರಿಂದಲೇ ಕಾರಣ ತಿಳಿಯಿತು.

ಮಗುವಿನ ಅಪೆಂಡಿಕ್ಸನ್ನು ಲ್ಯಾಬಿಗೆ ಮುಟ್ಟಿಸುವುದು ಆಸ್ಪತ್ರೆಯ ಕೆಲಸ, ಕೂಲಿ ಮಾಡುವ ತಂದೆಯ ಕೆಲಸವಲ್ಲವೆಂಬುದು ನನ್ನ ಅಭಿಪ್ರಾಯ. ಅದರ ಖರ್ಚೂ ಶಸ್ತ್ರಕ್ರಿಯೆಯ ಖರ್ಚಿನಲ್ಲಿಯೇ ಸೇರಿರಬೇಕು. ವರದಿ ಬಂದೊಡನೆ ಮನೆಯವರನ್ನು ಕರೆಸಿ, ಎರಡು ಸಾಲು ಕನ್ನಡದಲ್ಲಿ ಬರೆದುಕೊಡಬೇಕು. ವೈದ್ಯರಿಗೆ ಬಿಡುವಿಲ್ಲವೆಂಬುದನ್ನು ನಾನು ಬಲ್ಲೆ. ಹೊರಗಿನ ಸಾಲನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹೊಲಿಗೆ ಬಿಚ್ಚಲು ದಿನ ಗೊತ್ತುಮಾಡುವವರು, ವರದಿಯನ್ನೂ ತನ್ನಿರೆಂದು ಅದೇ ಚೀಟಿಯಲ್ಲಿ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ನನಗೆ ಸಿಕ್ಕ ಆ ಐದು ನಿಮಿಷ ಅಪ್ಪನಿಗೆ ಮೂರು ತಿಂಗಳು ಮೊದಲೇ ಸಿಗಬೇಕಾಗಿತ್ತು.

ವೈದ್ಯರು ಹೇಳಿದ್ದನ್ನು ನಾನೇ ವರದಿಯ ಬೆನ್ನಿಗೆ ಕನ್ನಡದಲ್ಲಿ ಬರೆದಿಟ್ಟೆ. ಅಪ್ಪನಿಗೆ ಓದು ಬಾರದು. ತಮ್ಮನಿಂದ ಎರಡು ಸಲ ಗಟ್ಟಿಯಾಗಿ ಓದಿಸಿ ಕೇಳಿದರು. ಬಳಿಕ ಮಡಿಸಿ, ಮತ್ತೆ ಪಡಿತರ ಚೀಟಿಯ ಜೊತೆಗೇ ಇಟ್ಟರು.